ಹದಿನಾಲ್ಕನೇ ನಂಬರಿನ ಮೂಗು

“ಮೂಸು. ಇನ್ನೊಂದ್ಸಲ ಮೂಸು. ನಾಯಿ ಮೂಸಲ್ವಾ, ಹಂಗೆ ಮೂಸು ಅಂದ್ರೆ.”

ಸೂಪರ್‌ವೈಸರ್ ಆ ಅಂಗಿಯನ್ನು ನನ್ನ ಅತ್ತೆಯ ಮುಖಕ್ಕೆ ಒತ್ತಿ ಹಿಡಿದಿದ್ದ. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ತಿರುಗುತ್ತಿದ್ದುದರಿಂದ ನಾವು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದೆವು. ಅಂಗಿಯ ಜೇಬಿನಿಂದ ಅವನು ಒಂದು ಚೀಟಿ ಎಳೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ನಾವು ನೋಡಿ ಕಳಿಸುವ ಪ್ರತಿಯೊಂದು ಬಟ್ಟೆಯಲ್ಲೂ ಅಂಥದ್ದೊಂದು ಚೀಟಿ ಇರುತ್ತದೆ, ಪರೀಕ್ಷಿಸಿದವರ ನಂಬರು ಅದರ ಮೇಲಿರುತ್ತದೆ. ಈ ಚೀಟಿಯಲ್ಲಿ ಹದಿನಾಲ್ಕು ಎಂದಿತ್ತು. ಹದಿನಾಲ್ಕು ಎಂದರೆ ಅತ್ತೆ.

“ನೀನು ಹೊಸದು ಅಂತ ಹಾಕಿದ ಅಂಗಿ ಇದು. ತಗೊಂಡವನು ಥೂ ಅಂತ ಉಗಿದು ವಾಪಸ್ ಕಳ್ಸಿದಾನೆ. ಈಗ ಹೇಳು, ಏನ್ ವಾಸನೆ?”

ನಾನು ಮೂರು ಮಾರು ದೂರದಲ್ಲಿ ಕೂತಿದ್ದರೂ ನನಗೆ ವಾಸನೆ ಬಡಿಯುತ್ತಿತ್ತು. ಯಾರೋ ಕುಡಿದು ಕಕ್ಕಿ, ಅದರ ಮೇಲೆ ಅತ್ತರು ಚೆಲ್ಲಿಕೊಂಡಿದ್ದರು. ಅತ್ತೆ ಕಣ್ಣು ಮುಚ್ಚಿ ಉಸಿರೆಳೆದಳು. ಎಳೆಯುವ ಶಬ್ದವೆಲ್ಲ ಸರಿಯಾಗಿಯೇ ಇತ್ತು. ಆದರೆ ಒಳಗೆ ಏನೂ ಹೋಗುತ್ತಿಲ್ಲ ಎಂದು ಆ ಗೋದಾಮಿನಲ್ಲಿ ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ.

ಬೇರೆ ದಿನವಾಗಿದ್ದರೆ ಅವಳು ನನ್ನ ಪಕ್ಕದಲ್ಲೇ ಇರುತ್ತಿದ್ದಳು. ಅವಳ ಬಟ್ಟೆಯನ್ನೂ ನಾನೇ ಮೂಸಿ, ಮೇಜಿನ ಕೆಳಗೆ ಅವಳ ಕಾಲನ್ನು ಒತ್ತುತ್ತಿದ್ದೆ. ಒಂದು ಸಲ ಒತ್ತಿದರೆ ಹೊಸದು, ಎರಡು ಸಲವಾದರೆ ತೊಳೆಯಬೇಕು, ಮೂರಾದರೆ ಚೂರು ಮಾಡಬೇಕು. ಎರಡು ತಿಂಗಳಿಂದ ಹಾಗೆಯೇ ನಡೆದಿತ್ತು. ನಡುವೆ ನಾನು ಎರಡು ದಿನ ಜ್ವರ ಬಂದು ಮಲಗಿದೆ. ಆಗ ಅವಳು ಕಣ್ಣಂದಾಜಿನಲ್ಲಿ ಹಾಕಿದ ಬಟ್ಟೆಗಳಲ್ಲಿ ಈ ಅಂಗಿಯೂ ಒಂದು. ಈಗ ಸೀಟಿ ಅವಳನ್ನು ಎಬ್ಬಿಸಿ ನಡುಹಾದಿಯಲ್ಲಿ ನಿಲ್ಲಿಸಿದ್ದ, ನನ್ನ ಕಾಲು ಅಲ್ಲಿಗೆ ಎಟುಕುವ ಹಾಗಿರಲಿಲ್ಲ.

ಅತ್ತೆ ಕಾಲರಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಅತ್ತರು ಸಾರ್,” ಅಂದಳು.

“ಅದರ ಕೆಳಗೆ?”

“ಕೆಳಗೆ... ಬೆವರು.”

“ಬೆವರಾ?” ಸೀಟಿ ಒಂದು ಹೆಜ್ಜೆ ಮುಂದೆ ಬಂದ. “ಸರಿಯಾಗ್ ಹೇಳು ಮುದುಕಿ.”

ಅಷ್ಟರಲ್ಲಿ ಡಬ್ಬಗಳನ್ನು ಹೊತ್ತು ತರುವ ಬೆಲ್ಟು ಗಕ್ಕನೆ ನಿಂತಿತು. “ಸಾರ್, ಡಬ್ಬ ಸಿಕ್ಕಾಕ್ಕೊಂಡಿದೆ, ಬೇಗ ಬನ್ನಿ,” ಎಂದು ಕೂಗಿದಳು ಗುಂಗುರಿ. ಗುಂಗುರು ಕೂದಲಿನ ಅವಳು ಬೆಲ್ಟಿನ ಬಾಯಲ್ಲಿ ಡಬ್ಬ ಹರಿದು ಕೊಡುವವಳು, ಬೆಲ್ಟು ನಿಲ್ಲಿಸುವ ಕೆಂಪು ಗುಂಡಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಸೀಟಿ ಅತ್ತ ಓಡಿದ. ಓಡುತ್ತ ಎರಡು ಸಲ ತಿರುಗಿ ಅತ್ತೆಯನ್ನು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ.

ನಮ್ಮದು ವಾಪಸು ಗೋದಾಮು. ಜನ ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಿಕೊಂಡು, ಮನಸ್ಸಿಗೆ ಬರದೆ ಹಿಂದಕ್ಕೆ ಕಳಿಸಿದ್ದೆಲ್ಲ ಇಲ್ಲಿಗೆ ಬರುತ್ತದೆ. ಕಾರಣ ಬರೆಯುವ ಜಾಗದಲ್ಲಿ ನಿಜ ಬರೆಯುವ ಪುಣ್ಯಾತ್ಮರು ಕಡಿಮೆ. ಮದುವೆಯಲ್ಲಿ ಕುಣಿದು ಬೆವರಿಳಿಸಿದ ಕೋಟಿಗೆ “ಅಳತೆ ಸರಿಯಿಲ್ಲ” ಎಂದು ಬರೆದಿರುತ್ತಾರೆ. ಗಿರಾಕಿಯ ಬಾಯಿ ಸುಳ್ಳು ಹೇಳಿದರೂ ಬಟ್ಟೆಯ ಕಂಕುಳು ಹೇಳುವುದಿಲ್ಲ, ಅದನ್ನು ಕೇಳಿಸಿಕೊಳ್ಳುವುದಕ್ಕೇ ನಮ್ಮನ್ನು, ಹದಿನಾರು ಜನ ಹೆಂಗಸರನ್ನು, ಇಟ್ಟುಕೊಂಡಿದ್ದರು. ಮುಟ್ಟದ ಬಟ್ಟೆ ನೀಲಿ ಡಬ್ಬಕ್ಕೆ ಹೋಗಿ ಅವತ್ತೇ ಮತ್ತೆ ಮಾರಾಟಕ್ಕೆ ಹೊರಡುತ್ತದೆ. ಉಟ್ಟದ್ದು ಹಳದಿ ಡಬ್ಬಕ್ಕೆ, ಅಲ್ಲಿಂದ ಹಬೆ ಕೋಣೆಗೆ. ಅಲ್ಲಿ ಔಷಧಿ ಹೊಡೆದು, ಇಸ್ತ್ರಿ ಹಾಕಿ, ಅದನ್ನೂ ಹೊಸದು ಮಾಡುತ್ತಾರೆ. ಏನು ಮಾಡಿದರೂ ಹೊಸದಾಗದ್ದು ಕಪ್ಪು ಡಬ್ಬಕ್ಕೆ ಬಿದ್ದು, ಚೂರಾಗಿ, ಯಾರದೋ ದಿಂಬಿನ ಹೊಟ್ಟೆ ಸೇರುತ್ತದೆ. ಗೋಡೆಯ ಮೇಲೆ ಬಾಣಗಳ ದೊಡ್ಡ ಚಕ್ರವೊಂದನ್ನು ಬರೆಸಿ, ಅದರೊಳಗೆ “ಹೋದದ್ದು ಬರುತ್ತದೆ, ಬಂದದ್ದು ಹೋಗುತ್ತದೆ, ಏನೂ ಹಾಳಾಗುವುದಿಲ್ಲ” ಎಂದು ಬರೆಸಿದ್ದರು.

ಅತ್ತೆಯನ್ನು ಎಲ್ಲರೂ ಮೂಗತ್ತೆ ಅನ್ನುತ್ತಿದ್ದರು. ನಾನು ಅವಳನ್ನು ಏಕವಚನದಲ್ಲೇ ಮಾತಾಡಿಸುವುದು. ಆರು ವರ್ಷ ಒಂದೇ ಮೇಜಿನಲ್ಲಿ ಊರವರ ಬೆವರು ಮೂಸಿದ ಮೇಲೆ ಸೊಸೆಯ ಬಹುವಚನ ತಾನಾಗಿ ಉದುರಿಹೋಯಿತು, ಅವಳೂ ಅದನ್ನು ಹುಡುಕಲಿಲ್ಲ. ಅವಳ ಮೂಗು ಎಂಥದ್ದು ಅಂದರೆ, ಒಮ್ಮೆ ಉಣ್ಣೆಯ ಸ್ವೆಟರೊಂದನ್ನು ಹಿಡಿದು “ಈ ಮನೇಲಿ ಯಾರೋ ಬಹಳ ದಿನದಿಂದ ಹಾಸಿಗೆ ಹಿಡಿದಿದಾರೆ ಕಣೆ” ಅಂದಳು. ಜೇಬು ನೋಡಿದರೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ. ಮ್ಯಾನೇಜರ್ ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದ. “ಇಂಥ ಮೆಷಿನ್ ಎಲ್ಲೂ ಸಿಗಲ್ಲ ನೋಡಿ,” ಅನ್ನುತ್ತಿದ್ದ. ಒಂದು ವರ್ಷ ಬಹುಮಾನವೆಂದು ಒಂದು ಕಾಫಿ ಲೋಟವನ್ನೂ ಕೊಟ್ಟ. ಅದರ ಮೇಲೆ ಯಾರದೋ ಗಂಡ ಹೆಂಡಿರ ಫೋಟೋ ಇತ್ತು, ಅದೂ ವಾಪಸು ಬಂದ ಮಾಲೇ. ಹೀಗೆ ಮೂಗಿಗೆ ತುಪ್ಪ ಸವರಿಸಿಕೊಂಡೇ ಅವಳು ದುಡಿದಳು.

ಹೋದ ಸಲ ಮಾಲು ಗುಡ್ಡೆ ಬಿದ್ದಾಗ ಮೂರು ತಿಂಗಳು ಅವಳನ್ನು ಹಬೆ ಕೋಣೆಗೆ ಹಾಕಿದರು. ಕಿಟಕಿ ಇಲ್ಲದ ಕೋಣೆ. ಔಷಧಿಗೆ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಬಾಯಿಗೆ ಕಟ್ಟಿಕೊಳ್ಳಲು ಕೊಡುತ್ತಿದ್ದ ಮಾಸ್ಕು ಕೂಡ ಯಾರೋ ಬೇಡವೆಂದು ಕಳಿಸಿದ್ದು, ವಾರಕ್ಕೆ ಒಂದು. ಮೊದಲು ಅವಳಿಗೆ ತಲೆನೋವು ಬಂತು, ಆಮೇಲೆ ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತ. “ಬಿಟ್ಬಿಡು ಅತ್ತೆ,” ಅಂದೆ. “ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳಕ್ಕಾಗುತ್ತಾ?” ಅಂದಳು. ನನ್ನ ಗಂಡ ಲಾರಿಯ ಮೇಲೆ ಹೋದರೆ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವವನು. ಒಂದೇ ಕೋಣೆಯ ಮನೆಯಲ್ಲಿ ಇದ್ದವರು ನಾವಿಬ್ಬರೇ. ಇಬ್ಬರೂ ದುಡಿದರೇನೇ ಆ ಕೋಣೆ ನಿಲ್ಲುತ್ತಿತ್ತು.

ಅವಳ ಮೂಗು ಪೂರಾ ಹೋಗಿದೆ ಎಂದು ನನಗೆ ಗೊತ್ತಾದದ್ದು ಒಂದು ಸಂಜೆ. ನಾನು ಸೊಪ್ಪು ತೆಗೆದುಕೊಂಡು ಅವಳಿಗಿಂತ ಹತ್ತು ನಿಮಿಷ ತಡವಾಗಿ ಮನೆಗೆ ಬಂದೆ. ಬಾಗಿಲು ತೆಗೆದದ್ದೇ ಗ್ಯಾಸಿನ ವಾಸನೆ ಗೋಡೆಯ ಹಾಗೆ ಎದುರು ನಿಂತಿತು. ಒಲೆಯ ಗುಂಡಿ ತಿರುಗಿತ್ತು. ಅತ್ತೆ ಅದರ ಮುಂದೆಯೇ ನಿಂತು, ಏನೂ ಆಗದವಳ ಹಾಗೆ, ಒದ್ದೆಯಾದ ಲೈಟರನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನಾನು ಅವಳ ಕೈಗೆ ಹೊಡೆದೆ. ಲೈಟರು ಹೋಗಿ ಮೂಲೆಗೆ ಬಿತ್ತು. ಗುಂಡಿ ಮುಚ್ಚಿ, ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು.

“ಗ್ಯಾಸ್ ಬಿಟ್ಕೊಂಡಿತ್ತಾ?” ಅಂದಳು.

“ನಿನಗೆ ಬರ್ಲಿಲ್ವಾ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಮೂರು ವಾರ ಆಯ್ತು ಕಣೆ. ತಿನ್ನೋದೆಲ್ಲ ಮಣ್ಣು ತಿಂದಂಗೆ. ನಿನ್ನ ಗಂಡ ಹುಟ್ಟಿದಾಗ ಅವನ ನೆತ್ತಿಗೆ ಒಂದು ವಾಸನೆ ಇತ್ತು. ಅವನು ದೊಡ್ಡವನಾದ್ರೂ ಕಣ್ಮುಚ್ಚಿದ್ರೆ ಅದು ಬರ್ತಿತ್ತು ನಂಗೆ. ಈಗ ಎಷ್ಟು ಕಣ್ಮುಚ್ಚಿದ್ರೂ ಬರಲ್ಲ,” ಎಂದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹೇಳಿಬಿಡೋಣವೇ ಅಂದರೆ ಬಾಯಿ ಬಿಟ್ಟರೆ ಬಣ್ಣಗೇಡು. ನಮ್ಮನ್ನು ಗೋದಾಮಿಗೆ ತಂದು ಬಿಟ್ಟವನು ಏಜೆಂಟ. ಕೆಲಸಕ್ಕೆ ಬಾರದವಳನ್ನು ಗೋದಾಮು ಏಜೆಂಟನಿಗೆ ವಾಪಸು ಮಾಡುತ್ತದೆ, ಸಾಮಾನಿಗೆ ಇದ್ದ ಹಾಗೆ ಅದಕ್ಕೂ ಒಂದು ವಾಪಸು ಪತ್ರ, ಅದರಲ್ಲೂ ಕಾರಣ ಬರೆಯುವ ಒಂದು ಸಾಲು. “ಇಲ್ಲಿ ಆದ ದೋಷ” ಎಂದು ಬರೆದರೆ ಗೋದಾಮಿನವರು ಆಸ್ಪತ್ರೆಗೆ ತೋರಿಸಬೇಕು, ಗುಣವಾಗುವವರೆಗೆ ಅರ್ಧ ಸಂಬಳ ಕೊಡಬೇಕು. “ಬರುವಾಗಲೇ ಇದ್ದ ದೋಷ” ಎಂದು ಬರೆದರೆ ಅವತ್ತೇ ಗೇಟಿನ ಹೊರಗೆ, ಆ ಕಾಗದ ನೋಡಿದ ಮೇಲೆ ಮತ್ತೊಂದು ಗೋದಾಮೂ ಒಳಗೆ ಸೇರಿಸುವುದಿಲ್ಲ. ನಾವು ಅಲ್ಲಿದ್ದಷ್ಟು ಕಾಲ ಮೊದಲನೆಯದನ್ನು ಬರೆದದ್ದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನನ್ನ ಮೂಗಿನಲ್ಲೇ ಇಬ್ಬರೂ ದುಡಿಯತೊಡಗಿದೆವು.

ಅಂಗಿಯ ಗಲಾಟೆಯ ಮಾರನೆಯ ದಿನ ಮ್ಯಾನೇಜರೇ ಕೆಳಗಿಳಿದು ಬಂದ. ಅವನ ಹಿಂದೆ ಸೀಟಿ, ಕೈಯಲ್ಲಿ ಅಂಟು ಹಾಕಿದ ಪ್ಲಾಸ್ಟಿಕ್ ಕವರು. ಅತ್ತೆಯನ್ನು ಮತ್ತೆ ನಡುಹಾದಿಗೆ ಕರೆದರು.

“ಹೊಸ ಟವೆಲ್ಲು. ಗಿರಾಕಿ ಬೇಡ ಅಂದಿದಾರೆ. ನೋಡಿ ಹೇಳಮ್ಮ,” ಅಂದ ಮ್ಯಾನೇಜರ್. ಅವನು ಯಾವತ್ತೂ ದನಿ ಏರಿಸುವವನಲ್ಲ.

ಸೀಟಿ ಕವರು ಹರಿದ. ಆ ವಾಸನೆ ಇಡೀ ಸಾಲಿಗೆ ಬಡಿಯಿತು. ಗುಂಗುರಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಮೂರು ಸಲ ಕೆಮ್ಮಿದೆ.

“ನಿನ್ನ ಕೆಮ್ಮು ಆಮೇಲೆ ಕೆಮ್ಮು,” ಅಂದ ಸೀಟಿ, ನನ್ನತ್ತ ತಿರುಗದೆಯೇ.

ಅತ್ತೆ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಮುಖದ ಹತ್ತಿರ ತಂದಳು. ಒಳ್ಳೆಯ ದಿನಗಳಲ್ಲಿ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿ, ತುಟಿ ಬಿಗಿದು, ನಿಧಾನವಾಗಿ ಎಳೆದುಕೊಂಡಳು. ಚೆನ್ನಾಗಿ ಮಡಿಸಿತ್ತು, ಕಲೆ ಇರಲಿಲ್ಲ, ನೂಲು ಎದ್ದಿರಲಿಲ್ಲ. ಕೈಗೆ ಕಣ್ಣಿಗೆ ಅದು ಹೊಸದೇ.

“ಹೊಸದು ಸಾರ್. ಯಾರೂ ಬಳಸಿಲ್ಲ,” ಅಂದಳು.

ಸೀಟಿ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. “ಗಂಡಸರ ಕಕ್ಕಸು ಒರೆಸೋ ಬಟ್ಟೆ ಕಣೆ ಅದು ಮುಂಡೇದೆ, ನಿನ್ನೆ ತಾನೆ ಒರ್ಸಿ ಒಣಗಿಸಿದ್ದು,” ಎಂದ.

ಅತ್ತೆ ಅದನ್ನು ಬಿಸಾಡಲಿಲ್ಲ. ಮುಖದಿಂದ ಇಳಿಸಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು. ಆ ಗಳಿಗೆಯಲ್ಲಿ ಅವರಿಬ್ಬರನ್ನೂ ಕೊಂದುಬಿಡಬೇಕು ಅನ್ನಿಸಿತು ನನಗೆ. ಏನೂ ಮಾಡಲಿಲ್ಲ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ ಕೂತಿದ್ದೆ. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೇಲಿನ ಆಫೀಸಿಗೆ ನಮ್ಮಿಬ್ಬರನ್ನೂ ಕರೆಸಿದರು. ವಾಪಸು ಪತ್ರ ಆಗಲೇ ತುಂಬಿಸಿ ಇಟ್ಟಿತ್ತು. ಕಾರಣದ ಸಾಲಿನಲ್ಲಿ ಬರುವಾಗಲೇ ಇದ್ದ ದೋಷ ಎಂದು ಬರೆದು, ಕೆಳಗೆ ಸಹಿಯ ಜಾಗದಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು.

“ಓದಿ ಹೇಳೆ,” ಅಂದಳು ಅತ್ತೆ. ಓದಿದೆ.

“ಬರೋವಾಗ ನಂಗೆ ಮೂಗಿರ್ಲಿಲ್ವಾ ಸಾರ್? ಮತ್ತೆ ಆರು ವರ್ಷ ನೀವು ತೋರಿಸ್ಕೊಂಡು ತಿರುಗಿದ್ದು ಏನನ್ನ?”

“ವಯಸ್ಸಾಯ್ತಲ್ಲಮ್ಮ. ಕಣ್ಣು ಹೋಗುತ್ತೆ, ಕಿವಿ ಹೋಗುತ್ತೆ. ಅದಕ್ಕೆಲ್ಲ ಗೋದಾಮು ಹೊಣೆನಾ?”

“ಹಬೆ ಕೋಣೇಲಿ ಹೋಯ್ತು ಸಾರ್. ಹಾಗಂತ ಬರೀರಿ, ಈಗ್ಲೇ ಸೈನ್ ಹಾಕ್ತೀನಿ.”

ಮ್ಯಾನೇಜರ್ ಪೆನ್ನು ಮುಚ್ಚಿದ. “ಆ ಕೋಣೇಲಿ ಬೇರೆಯವರೂ ಕೆಲಸ ಮಾಡಿದಾರೆ. ಅವರೆಲ್ಲರ ಮೂಗು ನೆಟ್ಟಗಿದೆ. ಒಬ್ಬಳದ್ದು ಹೋದ್ರೆ ದೋಷ ಕೋಣೇದಾ, ಮೂಗಿಂದಾ?”

ಅತ್ತೆ ಸಹಿ ಹಾಕಲಿಲ್ಲ. ಅವಳನ್ನು ತಡೆ ಪಂಜರಕ್ಕೆ ಕಳಿಸಿದರು.

ಯಾವ ಡಬ್ಬಕ್ಕೆ ಹಾಕಬೇಕೆಂದು ತೀರ್ಮಾನವಾಗದ ಸಾಮಾನುಗಳನ್ನು ಇಡುವ ಜಾಗ ಅದು. ಗೋದಾಮಿನ ಕೊನೆಯಲ್ಲಿ ನೆಲದಿಂದ ಮೇಲಿನವರೆಗೆ ತಂತಿ ಬಲೆ ಹಾಕಿ, ಒಂದು ಬಾಗಿಲು ಇಟ್ಟಿದ್ದರು. ಒಳಗೆ ಮುರಿದ ಗಾಲಿಯ ಸೂಟ್‌ಕೇಸುಗಳು, ಬೀಗದ ಕೈ ಇಲ್ಲದ ಪೆಟ್ಟಿಗೆಗಳು, ಒಂಟಿ ಬೂಟುಗಳು. ಅವುಗಳ ನಡುವೆ ಒಂದು ಸ್ಟೂಲು ಹಾಕಿ ಅತ್ತೆಯನ್ನು ಕೂರಿಸಿದರು. ಮಡಿಲಲ್ಲಿ ಆ ಕಾಗದ ಮತ್ತು ಒಂದು ಪೆನ್ನು. ಕೆಲಸದ ಹೊತ್ತಿನಲ್ಲಿ ಗೇಟಿನಿಂದ ಆಚೆ ಹೋದರೆ ತಾನಾಗಿ ಕೆಲಸ ಬಿಟ್ಟಳೆಂದು ಬರೆಯುತ್ತಿದ್ದರು, ಸಹಿ ಹಾಕಿದರೆ ಮುಗಿದೇಹೋಯಿತು. ಹಾಗಾಗಿ ದಿನಾ ಬೆಳಿಗ್ಗೆ ಎಲ್ಲರ ಜೊತೆ ಒಳಗೆ ಬಂದು, ಸಂಜೆ ಕೆಲಸ ಮುಗಿಯುವ ಸೀಟಿ ಊದುವವರೆಗೆ ಸಂಬಳವಿಲ್ಲದೆ ಅಲ್ಲಿ ಕೂತಿರುತ್ತಿದ್ದಳು. ದಾರಿಯಲ್ಲಿ ಹೋಗುವ ಲೋಡಿಂಗ್ ಹುಡುಗರು ಮೊದಲೆರಡು ದಿನ ನಕ್ಕರು. ಆಮೇಲೆ ಅವರೂ ತಲೆ ತಗ್ಗಿಸಿಕೊಂಡೇ ಹೋಗತೊಡಗಿದರು.

ನನಗೆ ಬೇರೆ ಶಿಕ್ಷೆ. “ಅತ್ತೆ ಸೊಸೆ ಸೇರಿ ಕಳ್ಳಾಟ ಆಡಿದ್ರಲ್ಲ, ಹೋಗು, ಅತ್ತೆ ಜಾಗ ತುಂಬು,” ಎಂದು ಸೀಟಿ ನನ್ನನ್ನು ಹಬೆ ಕೋಣೆಗೆ ಹಾಕಿದ. ಮೊದಲ ದಿನವೇ ತಲೆ ಸಿಡಿಯಿತು. ಸಂಜೆ ಮೈ ಉಜ್ಜಿ ಉಜ್ಜಿ ತೊಳೆದರೂ ಆ ಸಿಹಿ ವಾಸನೆ ಕೂದಲನ್ನು ಬಿಡುತ್ತಿರಲಿಲ್ಲ. ಒಂದು ವಾರದ ಹೊತ್ತಿಗೆ ಅದು ಅಷ್ಟಾಗಿ ಕಾಡಲಿಲ್ಲ, ಒಗ್ಗಿಹೋಯಿತು ಅಂದುಕೊಂಡೆ.

ನಲ್ಲಿಯ ಹತ್ತಿರ ಊಟದ ಹೊತ್ತಿನಲ್ಲಿ ಗುಂಗುರಿ ಮಾತೆತ್ತಿದಳು. ನಲ್ಲಿಗೂ ಪಂಜರಕ್ಕೂ ನಾಲ್ಕೇ ಹೆಜ್ಜೆ, ಅತ್ತೆ ಬಲೆಗೆ ಒರಗಿ ಡಬ್ಬಿ ಬಿಚ್ಚುತ್ತಿದ್ದಳು.

“ಬರೋ ಗುರುವಾರ ಈ ಮಾಲು ಮಾರೋ ಕಂಪನಿಯವರು ನೋಡಕ್ಕೆ ಬರ್ತಾರಂತೆ,” ಅಂದಳು ಗುಂಗುರಿ. “ಆ ಬೋಳಿಮಗ ಮ್ಯಾನೇಜರ್ ಏನಂದ? ಒಬ್ಬಳ ಮೂಗು ಹೋದ್ರೆ ಮೂಗಿನ ದೋಷ ಅಂದ. ಹದಿನಾರು ಮೂಗು ಒಂದೇ ದಿನ ಹೋದ್ರೆ? ಅವರೆದುರಿಗೆ ಎಲ್ಲರೂ ಕೈ ಎತ್ತಿಬಿಡೋಣ. ಏನ್ ಕೊಟ್ರೂ ಹೊಸದು ಅನ್ನೋಣ. ಹದಿನಾರು ಜನರನ್ನೂ ಬರೋವಾಗ್ಲೇ ಕೆಟ್ಟಿದ್ರು ಅಂತ ಬರೀಲಿ ನೋಡೋಣ.”

ಕುಳ್ಳಿ ಅನ್ನ ಕಲಸುವುದನ್ನು ನಿಲ್ಲಿಸಿದಳು. ನಮ್ಮಲ್ಲಿ ಅವಳೇ ಚಿಕ್ಕವಳು, ಹೊಟ್ಟೆಯಲ್ಲಿ ಐದು ತಿಂಗಳು. “ನನ್ನ ಬಿಟ್ಬಿಡಿ ಅಕ್ಕ. ನಂಗಾಗಲ್ಲ. ನಮ್ಮನೇಲಿ ದುಡಿಯೋಳು ನಾನೊಬ್ಬಳೇ.”

“ಯಾರ್ ಮನೇಲಿ ಹತ್ತು ಜನ ದುಡೀತಾರೆ ಇಲ್ಲಿ?” ಗುಂಗುರಿ ರೇಗಿದಳು.

“ಅವಳ ಮೇಲೆ ಯಾಕೆ ಕೂಗ್ತೀಯ,” ಎಂದಳು ಅತ್ತೆ ಬಲೆಯ ಒಳಗಿಂದ. “ಯಾರೂ ಬೇಡ. ಎರಡು ತಿಂಗಳು ಇವಳ ಕಾಲು ಹಿಡ್ಕೊಂಡು ಸುಳ್ಳು ಹೇಳಿದ್ದೇ ಸಾಕಾಗಿದೆ ನಂಗೆ. ನನ್ನ ಮೂಗು ಇದ್ದಷ್ಟು ದಿನ ಒಂದು ಸುಳ್ಳು ಹೇಳಿರ್ಲಿಲ್ಲ. ಈಗ ಹದಿನೈದು ಸುಳ್ಳು ಕಟ್ಕೊಂಡು ನಂಗೆ ನ್ಯಾಯ ಬೇಕಾಗಿಲ್ಲ.”

“ನಿಜ ಹೇಳಿ ಎಲ್ಲಿ ಕೂತಿದೀಯ ನೋಡ್ಕೋ ಅತ್ತೆ,” ಅಂದೆ ನಾನು. ಅವಳು ನನ್ನನ್ನೇ ನೋಡಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಎರಡು ದಿನದಲ್ಲಿ ಗುಂಗುರಿ ಕುಳ್ಳಿಯೊಬ್ಬಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಒಪ್ಪಿಸಿದಳು.

ಗುರುವಾರ ಬೆಳಿಗ್ಗೆ ಹಬೆ ಕೋಣೆಗೆ ಬೀಗ ಹಾಕಿದರು. ನನಗೂ ಹೊಸ ಏಪ್ರನ್ ಕೊಟ್ಟು ಹಳೆಯ ಮೇಜಿನಲ್ಲಿ ಕೂರಿಸಿ, ಹದಿನೈದು ಜನರನ್ನೂ ಸಾಲಾಗಿ ಜೋಡಿಸಿದರು. ಅತ್ತೆಯನ್ನು ಏನು ಮಾಡುವುದೆಂದು ಸೀಟಿ ತಲೆ ಕೆರೆದುಕೊಂಡ. ಮನೆಗೆ ಹೋಗು ಅಂದರೆ, ಬರೆದುಕೊಡಿ ಅಂದಳು. ಕೊನೆಗೆ ಬಾಣಗಳ ಚಕ್ರದ ಚಿತ್ರವಿದ್ದ ದೊಡ್ಡ ಬ್ಯಾನರೊಂದನ್ನು ತಂದು ಪಂಜರದ ಮುಂದೆ ಇಳಿಬಿಟ್ಟ. “ಉಸಿರು ಬಿಟ್ರೆ ನೋಡು,” ಎಂದು ಬ್ಯಾನರಿಗೆ ಹೇಳಿದ.

ನೋಡಲು ಬಂದವರು ಇಬ್ಬರು, ಕನ್ನಡಕದ ಒಬ್ಬ ಹೆಂಗಸು, ಕೋಟು ಹಾಕಿದ ಒಬ್ಬ ಗಂಡಸು. ಹೆಂಗಸಿನ ಕೈಯಲ್ಲಿ ಪುಸ್ತಕ. ಮ್ಯಾನೇಜರ್ ನೀಲಿ ಡಬ್ಬ, ಹಳದಿ ಡಬ್ಬ, ಕಪ್ಪು ಡಬ್ಬ ಎಲ್ಲ ತೋರಿಸಿದ. ಬ್ಯಾನರಿನ ಮುಂದೆ ನಿಂತು, “ಹೊರಗೆ ಬಿಸಾಡೋದು ಅಂತ ನಮ್ಮಲ್ಲಿ ಇಲ್ಲವೇ ಇಲ್ಲ ಮೇಡಂ,” ಎಂದ. ಮೇಡಂ ಬರೆದುಕೊಂಡಳು.

ಆಗಲೇ ಗುಂಗುರಿ ಬೆಲ್ಟಿನ ಮೇಲೆ ಬಂದ ಒಂದು ದೊಡ್ಡ ಡಬ್ಬವನ್ನು ಹರಿದದ್ದು. ಒಳಗೆ ಬಿಳಿ ರಜಾಯಿ. ಕೋಟಿನವನು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ಮೂಗಿಗೆ ಹಿಡಿದ. “ಬೆಕ್ಕು. ಬೆಕ್ಕು ಉಚ್ಚೆ ಹೊಯ್ದಿದೆ,” ಅಂದ. ಮೇಡಂ ಕೂಡ ಮುಖ ಕಿವುಚಿದಳು.

ಮ್ಯಾನೇಜರಿಗೆ ಹಾಲು ಕುಡಿದಷ್ಟು ಸಂತೋಷ. “ಒಳ್ಳೇದೇ ಆಯ್ತು. ನಮ್ಮವರು ಹೇಗೆ ಹಿಡೀತಾರೆ ನೀವೇ ನೋಡಿ. ಎಲ್ಲಿ, ನೋಡಿ ಹೇಳಮ್ಮ.”

ಗುಂಗುರಿ ರಜಾಯಿಯನ್ನು ಎತ್ತಿ ಮುಖಕ್ಕೆ ಹಿಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ನುಂಗಿಕೊಂಡಳು. “ಹೊಸದು ಸಾರ್. ನೀಲಿ ಡಬ್ಬ.”

ಮ್ಯಾನೇಜರ್ ನಕ್ಕ. “ನೆಗಡಿ ಇರ್ಬೇಕು ಇವಳಿಗೆ.” ಪಕ್ಕದವಳಿಗೆ ಕೊಡಿಸಿದ. ಅವಳು ಮೂಸಿ, ಹೊಸದು ಅಂದಳು. ಅದರಾಚೆಯವಳೂ ಹೊಸದು ಅಂದಳು, ಅನ್ನುವಾಗ ಅವಳ ಗಂಟಲು ಉಕ್ಕಿ ಬಂದದ್ದು ಎಲ್ಲರಿಗೂ ಕಂಡಿತು. ನಾಲ್ಕನೆಯವಳು ಮಾತೇ ಆಡದೆ ನೀಲಿ ಡಬ್ಬದತ್ತ ಬೆರಳು ತೋರಿಸಿದಳು. ಮ್ಯಾನೇಜರ್ ನಗು ನಿಲ್ಲಿಸಿದ್ದ. ಸೀಟಿ ಬಂದು ನನ್ನ ಬೆನ್ನ ಹಿಂದೆ ನಿಂತು, ಹಲ್ಲು ಕಚ್ಚಿಕೊಂಡು ಹೇಳಿದ. “ಸರಿಯಾಗ್ ಹೇಳ್ಬಿಡು. ಇವತ್ತೇ ಮೇಜಿಗೆ ವಾಪಸ್ ಹಾಕ್ತೀನಿ ನಿನ್ನ. ಇಲ್ದಿದ್ರೆ ಆ ಪಂಜರದಲ್ಲಿ ಜೋಡಿ ಸ್ಟೂಲು.”

ರಜಾಯಿ ನನ್ನ ಕೈಗೆ ಬಂತು. ಹೇಗೆ ಮುಖ ಗಟ್ಟಿ ಮಾಡಿಕೊಳ್ಳುವುದು, ಹೇಗೆ ಉಸಿರು ಕಟ್ಟುವುದು ಎಂದೆಲ್ಲ ರಾತ್ರಿಯಿಂದ ಲೆಕ್ಕ ಹಾಕಿದ್ದೆ. ಮೂಗಿನ ಹತ್ತಿರ ತಂದು, ಮೆಲ್ಲಗೆ ಉಸಿರೆಳೆದೆ. ಏನೂ ಬರಲಿಲ್ಲ. ಒಣಗಿದ ಭಾಗ ಹಿಡಿದಿದ್ದೇನೆ ಅಂದುಕೊಂಡು ತಿರುಗಿಸಿದೆ. ಹಳದಿ ಕಲೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಇನ್ನೂ ತಣ್ಣಗೆ ಹತ್ತುತ್ತಿತ್ತು. ಅದರ ಮೇಲೆಯೇ ಮೂಗು ಊರಿದೆ. ಇನ್ನೊಮ್ಮೆ ಎಳೆದೆ, ಎದೆ ನೋಯುವ ಹಾಗೆ ಎಳೆದೆ. ಒಳಗೆ ಹೋದದ್ದು ಬರೀ ಗಾಳಿ. ಸುಳ್ಳು ಹೇಳಲು ಸಿದ್ಧವಾಗಿ ಬಂದವಳಿಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಒಗ್ಗಿಹೋಯಿತು ಅಂದುಕೊಂಡದ್ದು ಒಗ್ಗಿದ್ದಲ್ಲ.

ಮೇಜನ್ನು ಹಿಡಿದುಕೊಂಡೆ.

“ವಾಸನೆ ಬರ್ತಿಲ್ಲ ಸಾರ್,” ಅಂದೆ. ಹೊಸದು ಅನ್ನಬೇಕಿತ್ತು, ಅದು ಮರೆತೇಹೋಗಿತ್ತು.

ಬ್ಯಾನರಿನ ಹಿಂದೆ ಸ್ಟೂಲು ಸರಿದ ಸದ್ದಾಯಿತು.

“ಲೇ,” ಅಂದಳು ಅತ್ತೆ. ಬಂದವರಿಬ್ಬರೂ ಬೆಚ್ಚಿ ಆ ಚಕ್ರದತ್ತ ತಿರುಗಿದರು. “ಲೇ ಮಗಾ. ಸುಳ್ಳು ಹೇಳ್ತಿದೀಯೋ, ನಿಜಾನೋ?”

ನಾನು ಮತ್ತೊಮ್ಮೆ ರಜಾಯಿಗೆ ಮೂಗು ಊರಿದೆ.

“ಕೇಳ್ತಿದೀನಲ್ಲೇ, ಹೇಳು.”

“ನಿಜ ಅತ್ತೆ.”

ಒಳಗಿನಿಂದ ಎರಡು ಕೈ ಬಲೆಯ ಕಣ್ಣುಗಳಲ್ಲಿ ಬೆರಳು ತೂರಿಸಿ ಬ್ಯಾನರನ್ನು ಹಿಡಿದು ಜಗ್ಗಿದವು. ಒಂದು ಮೂಲೆ ಕಿತ್ತು ಬಂತು, ಇನ್ನೊಂದು ಹರಿಯಿತು, ಆಮೇಲೆ ಇಡೀ ಚಕ್ರ ಕೆಳಗೆ ಬಿತ್ತು. ಮುರಿದ ಸೂಟ್‌ಕೇಸುಗಳ ನಡುವೆ ಅತ್ತೆ ಬಲೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಅವಳು ಕನ್ನಡಕದ ಹೆಂಗಸಿನ ಕಡೆ ನೋಡಲಿಲ್ಲ, ಮ್ಯಾನೇಜರ್ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಯಾರಿವರು? ಒಳಗೆ ಯಾಕೆ ಕೂತಿದಾರೆ?” ಎಂದಳು ಮೇಡಂ.

“ಏನಿಲ್ಲ ಮೇಡಂ, ತಲೆ ಸರಿಯಿಲ್ಲ, ಕಾಗದ ಪತ್ರ ಆಗ್ಬೇಕಿತ್ತು, ನೀವು ಈ ಕಡೆ ಬನ್ನಿ,” ಮ್ಯಾನೇಜರ್ ಮೊದಲ ಸಲ ದನಿ ಏರಿಸಿದ್ದ.

“ಬರ್ಕೊಳ್ಳಿ ಅಮ್ಮ,” ಅಂದೆ ನಾನು. “ಅವಳು ಹದಿನಾಲ್ಕನೇ ನಂಬರು, ನಾನು ಹದಿನೈದು. ಅವಳ ಮೂಗು ಆ ಬೀಗ ಹಾಕಿದ ಕೋಣೇಲಿ ಹೋಯ್ತು. ನಂದೂ ಅಲ್ಲೇ ಹೋಯ್ತು. ನಂದು ಹೋಗಕ್ಕೆ ಹನ್ನೊಂದು ದಿನ ಸಾಕಾಯ್ತು.”

ಮೇಡಂ ಪೆನ್ನು ಎತ್ತಿದಳು. ಬರೆಯಲಿಲ್ಲ. ಕೋಟಿನವನ ಮುಖ ನೋಡಿದಳು, ಅವನು ಗಡಿಯಾರ ನೋಡಿಕೊಂಡ.

ಮ್ಯಾನೇಜರ್ ನನ್ನ ಮೇಜಿಗೆ ಬಂದು, “ಆಯ್ತಲ್ಲ ನಿಮ್ಮ ನಾಟಕ, ಕೊಡು ಇಲ್ಲಿ,” ಎಂದು ರಜಾಯಿಗೆ ಕೈ ಹಾಕಿದ. ನಾನು ಕೊಡಲಿಲ್ಲ. ಅದನ್ನು ಪೂರ್ತಿ ಬಿಡಿಸಿ, ಎರಡು ಕೈಯಿಂದ ಎತ್ತಿ, ಅವನ ಹೆಗಲ ಮೇಲಿಂದ ಹೊದಿಸಿದೆ. ಕಲೆ ಅವನ ಕೊರಳಿಗೆ ಬರುವ ಹಾಗೆ ಎಳೆದು ಗದ್ದದ ಕೆಳಗೆ ಬಿಗಿಯಾಗಿ ಹಿಡಿದೆ.

“ಹೊಸದು ಸಾರ್. ಹೊದ್ಕೊಳ್ಳಿ.”

ಅವನು ನನ್ನ ಕೈ ಕೊಸರಿಕೊಂಡು, ರಜಾಯಿಯನ್ನು ನೆಲಕ್ಕೆ ಒಗೆದು, ಮೇಜಿನ ಮೇಲೆ ಬಾಗಿ ವಾಕರಿಸಿದ. ಅವನ ಮೂಗು ಚೆನ್ನಾಗಿಯೇ ಇತ್ತು. ಸೀಟಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ತಿರುಚಿದ. ಗೇಟಿನವರನ್ನು ಕರೆಯಲು ಯಾರೋ ಓಡಿದರು.

ನನ್ನ ಪಕ್ಕದ ಮೇಜಿನಿಂದ ಕುಳ್ಳಿ ಎದ್ದಳು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ನೆಲದಿಂದ ರಜಾಯಿ ಎತ್ತಿಕೊಂಡಳು.

“ಬಿಡಿ ಸಾರ್ ಅವಳನ್ನ,” ಅಂದಳು. “ಈಗ ನನ್ನ ಸರದಿ.”